‘ಬೆರ್ಸೆರ್ಕ್’ ಚಿತ್ರಕಥೆಯಲ್ಲಿ ದೈವವೂ ಪುರುಷಕಾರವೂ

೧

ಜಪಾನು ದೇಶದವರು ಚಿತ್ರವೂ ಮಾತೂ ಬೆರೆತ ಕಥೆಗಳನ್ನು ‘ಮಾಂಗಾ’ ಎಂದು ಕರೆಯುತ್ತಾರೆ. ಹೆಸರು ಹೊಸದಲ್ಲ, ಹೊಕುಸಾಯ್ ಎಂಬ ಪ್ರಸಿದ್ಧ ಚಿತ್ರಕಾರನು ೧೮೧೪ರಿಂದ ಪ್ರಕಟಿಸತೊಡಗಿದ ರೇಖಾಚಿತ್ರಗಳ ಸಂಪುಟಗಳಿಗೂ ಇದೇ ಹೆಸರಿತ್ತು. ಈಚೆಗೆ ಈ ಪದವು ಬಲದಿಂದ ಎಡಕ್ಕೆ ಓದಿಕೊಂಡು ಹೋಗುವ ಚಿತ್ರಕಥೆಗಳಿಗೆ ರೂಢವಾಗಿದೆ. ಇವುಗಳಲ್ಲಿ ಬಹುಭಾಗ ಹೊತ್ತು ಕಳೆಯುವುದಕ್ಕಾಗಿಯೇ ಹುಟ್ಟಿದುವೆಂಬುದು ನಿಜ. ಆದರೆ ಅವುಗಳ ನಡುವೆ ವಿಮರ್ಶಕನ ಗಮನಕ್ಕೆ ಅರ್ಹವಾದ ಕೃತಿಗಳೂ ಕೆಲವುಂಟು. ಕೆಂತಾರೋ ಮಿಯುರಾ ಅವರ ‘ಬೆರ್ಸೆರ್ಕ್’ ಅಂತಹುದೊಂದು ಕೃತಿ.

ಮಿಯುರಾ ಅವರು ೧೯೬೬ರಲ್ಲಿ ಚಿಬಾ ಪ್ರಾಂತದಲ್ಲಿ ಜನಿಸಿದರು. ಈ ಕಥೆಯು ೧೯೮೯ರಿಂದ ಒಂದು ಮಾಸಪತ್ರಿಕೆಯಲ್ಲಿಯೂ, ೧೯೯೨ರಿಂದ ‘ಯಂಗ್ ಆನಿಮಲ್’ ಎಂಬ ಪತ್ರಿಕೆಯಲ್ಲಿಯೂ ಬಿಡಿಬಿಡಿಯಾಗಿ ಪ್ರಕಟವಾಗುತ್ತ ಬಂದಿತು. ೨೦೦೨ರಲ್ಲಿ ಇದಕ್ಕೆ ತೆಜುಕಾ ಒಸಾಮು ಅವರ ಹೆಸರಿನ ಸಾಂಸ್ಕೃತಿಕ ಪಾರಿತೋಷಿಕವು ದೊರೆಯಿತು. ಗ್ರಂಥಕರ್ತರು ಕಥೆಯನ್ನು ಮುಗಿಸುವುದಕ್ಕೆ ಮುಂಚೆಯೇ ೨೦೨೧ನೆಯ ಮೇ ೬ರಂದು ಕಾಲವಾದರು. ಅವರ ಬಾಲ್ಯಮಿತ್ರರೂ ಸ್ವತಃ ಚಿತ್ರಕಥಾಕಾರರೂ ಆದ ಕೋಜಿ ಮೋರಿ ಅವರು, ಮಿಯುರಾ ತಮ್ಮೊಡನೆ ಹೇಳಿದ್ದ ಕಥೆಯ ನೆನಪನ್ನೇ ಆಧಾರವಾಗಿಟ್ಟುಕೊಂಡು, ಮಿಯುರಾ ಅವರ ಶಿಷ್ಯವರ್ಗದಿಂದ ೨೦೨೨ರಲ್ಲಿ ಅದನ್ನು ಮುಂದುವರಿಸತೊಡಗಿದರು.

ಬೀಭತ್ಸ ಭಯಾನಕಗಳು ಈ ಅದ್ಭುತಕಥೆಯಲ್ಲಿ ಹೇರಳವಾಗಿವೆ. ಎಳೆಯರ ಕೈಗೆ ಕೊಡತಕ್ಕ ಗ್ರಂಥವಿದಲ್ಲ. ಆದರೂ ಇದರ ನಡುವಿನಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ಮನುಷ್ಯನು ಮಾಡುವುದೆಲ್ಲವೂ ಮೊದಲೇ ಗೊತ್ತಾಗಿದ್ದರೆ, ಅವನು ಮಾಡಿದ್ದಕ್ಕೆ ಅವನೇ ಹೊಣೆಯೆಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಕೃತಿಯು ಕೊಡುವ ಉತ್ತರವೇನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಓದುಗರಲ್ಲಿ ಹರಡಿರುವ ಅಭಿಪ್ರಾಯವು ಹೀಗಿದೆ: ಕಥೆಯ ಇಬ್ಬರು ಪ್ರಧಾನಪುರುಷರಲ್ಲಿ ಗ್ರಿಫಿತ್ ಎಂಬವನು ದೈವದ ಕೈಗೊಂಬೆ; ಗಟ್ಸ್ ಎಂಬವನು ದೈವವನ್ನು ಎದುರಿಸಿ ನಿಂತ ಸ್ವತಂತ್ರಪುರುಷ. ಈ ವಿಭಾಗವು ಕೇಳುವುದಕ್ಕೆ ಚೆನ್ನಾಗಿದೆ; ಆದರೆ ಗ್ರಂಥದ ಪರೀಕ್ಷೆಗೆ ನಿಲ್ಲುವುದಿಲ್ಲ. ಈ ಕೃತಿಯಲ್ಲಿ ದೈವವು ಮನುಷ್ಯನನ್ನು ಒಂದು ಹೊಸ್ತಿಲಿನವರೆಗೆ ತಂದು ನಿಲ್ಲಿಸುತ್ತದೆ. ಹೊಸ್ತಿಲನ್ನು ದಾಟಬೇಕಾದರೆ ಅದಕ್ಕೆ ಅವನ ಸಮ್ಮತಿಯು ಬೇಕೇ ಬೇಕು. ಈ ಒಂದು ನಿಯಮದಲ್ಲಿ ಕೃತಿಯ ಭೀಕರತೆಯೂ ಅದರ ನೀತಿಯೂ ಅಡಗಿವೆಯೆಂಬುದು ನಮ್ಮ ಅಭಿಪ್ರಾಯ.

೨

ಕಥೆಯ ಪರಿಚಯವಿಲ್ಲದವರಿಗಾಗಿ ಅದರ ಸಾರವನ್ನು ಸಂಕ್ಷೇಪವಾಗಿ ಹೇಳುವೆವು. ಮಧ್ಯಯುಗದ ಯೂರೋಪನ್ನು ಹೋಲುವ ಒಂದು ಕಲ್ಪಿತದೇಶದಲ್ಲಿ, ನೇಣುಹಾಕಲ್ಪಟ್ಟ ಹೆಂಗಸೊಬ್ಬಳ ಶವದಿಂದ ಗಟ್ಸ್ ಹುಟ್ಟುತ್ತಾನೆ. ಕೂಲಿಸೈನಿಕರ ನಾಯಕನಾದ ಗ್ಯಾಂಬಿನೋ ಎಂಬವನ ಪ್ರಿಯೆಯು ಮರದಡಿಯ ಕೆಸರಿನಿಂದ ಈ ಮಗುವನ್ನೆತ್ತಿ ಸಾಕುತ್ತಾಳೆ. ಮೂರು ವರ್ಷಗಳಲ್ಲಿ ಅವಳು ಮಹಾಮಾರಿಗೆ ತುತ್ತಾಗುತ್ತಾಳೆ. ಅವಳ ಸಾವಿಗೆ ಈ ಮಗುವಿನ ಅಪಶಕುನವೇ ಕಾರಣವೆಂದು ಗ್ಯಾಂಬಿನೋ ನಂಬುತ್ತಾನೆ. ಕುಡಿದ ಅಮಲಿನಲ್ಲಿ ಒಂದು ರಾತ್ರಿ ತನ್ನನ್ನು ಕೊಲ್ಲಬಂದ ಈ ಸಾಕುತಂದೆಯನ್ನು ಹುಡುಗನು ಆತ್ಮರಕ್ಷಣೆಗಾಗಿ ಕೊಂದು ಓಡಿಹೋಗುತ್ತಾನೆ.

ಮುಂದೆ ಅವನು ಗ್ರಿಫಿತ್ ಎಂಬ ತರುಣನ ‘ಗಿಡುಗನ ಪಡೆ’ಯನ್ನು ಸೇರುತ್ತಾನೆ. ಸೇರಿದುದು ತನ್ನಿಚ್ಛೆಯಿಂದಲ್ಲ, ದ್ವಂದ್ವಯುದ್ಧದಲ್ಲಿ ಸೋತು ಗ್ರಿಫಿತನ ವಶವಾದುದರಿಂದ. ಗ್ರಿಫಿತ್ ಹೀನಕುಲದಲ್ಲಿ ಹುಟ್ಟಿದವನಾದರೂ ತನ್ನದೇ ಆದ ರಾಜ್ಯವೊಂದನ್ನು ಪಡೆಯಬೇಕೆಂಬ ಕನಸನ್ನು ಹೊತ್ತವನು. ಅವನ ಕೊರಳಿನಲ್ಲಿ ‘ಬೆಹೆಲಿಟ್’ ಎಂಬ ರಕ್ತವರ್ಣದ ತತ್ತಿಯಾಕಾರದ ವಸ್ತುವು ತೂಗುತ್ತಿರುತ್ತದೆ. ಅದರ ಮೇಲೆ ಕಣ್ಣು ಮೂಗು ಬಾಯಿಗಳು ಸ್ಥಾನ ತಪ್ಪಿ ಚದರಿವೆ. ಮಿಡ್ಲೆಂಡ್ ರಾಜ್ಯದ ನೂರು ವರ್ಷಗಳ ಯುದ್ಧವನ್ನು ಗೆಲ್ಲಿಸಿಕೊಟ್ಟು ಗ್ರಿಫಿತನು ಅಭ್ಯುದಯದ ತುದಿಗೇರುತ್ತಾನೆ.

ಅಷ್ಟರಲ್ಲಿ ಗಟ್ಸ್ ಒಂದು ಮಾತನ್ನು ಮರೆಯಲ್ಲಿ ಕೇಳಿರುತ್ತಾನೆ. ತನ್ನ ಕನಸನ್ನು ಹಿಂಬಾಲಿಸುವವನು ತನಗೆ ಸ್ನೇಹಿತನಾಗಲಾರನು, ತನ್ನದೇ ಆದ ಕನಸುಳ್ಳ ಸಮಾನನೇ ನಿಜವಾದ ಸ್ನೇಹಿತನು ಎಂಬರ್ಥದಲ್ಲಿ ಗ್ರಿಫಿತನು ರಾಜಕುಮಾರಿ ಷಾರ್ಲಟ್ಟಳೊಡನೆ ಹೇಳಿದ ಮಾತದು. ಆ ಸಮಾನತೆಯನ್ನು ಸಂಪಾದಿಸುವುದಕ್ಕಾಗಿಯೇ ಗಟ್ಸ್ ಪಡೆಯನ್ನು ಬಿಡಲು ನಿಶ್ಚಯಿಸುತ್ತಾನೆ. ಹಿಮ ಬಿದ್ದ ಬಯಲಿನಲ್ಲಿ ಇಬ್ಬರಿಗೂ ಮತ್ತೆ ಕಾಳಗವಾಗಿ, ಈ ಸಲ ಗ್ರಿಫಿತನು ಸೋಲುತ್ತಾನೆ. ಸೋಲಿನಿಂದ ಕದಡಿದ ಅವನು ಅದೇ ರಾತ್ರಿ ರಾಜಕುಮಾರಿಯ ಅಂತಃಪುರವನ್ನು ಹೊಕ್ಕು, ಸಿಕ್ಕಿಬಿದ್ದು, ಒಂದು ವರ್ಷಕಾಲ ಸೆರೆಯಲ್ಲಿ ಚಿತ್ರಹಿಂಸೆಗೆ ಗುರಿಯಾಗುತ್ತಾನೆ. ಗಟ್ಸನೂ, ಪಡೆಯ ನಾಯಕತ್ವವನ್ನು ವಹಿಸಿದ್ದ ಕಾಸ್ಕಾ ಎಂಬ ವೀರಸ್ತ್ರೀಯೂ, ಉಳಿದ ಅನುಚರರೂ ಅವನನ್ನು ಬಿಡಿಸಿ ತರುವ ವೇಳೆಗೆ ಅವನ ನಾಲಗೆ ಹೋಗಿದೆ. ಕೈಕಾಲುಗಳ ನರಗಳು ಕಡಿಯಲ್ಪಟ್ಟಿವೆ.

ಆಮೇಲೆ ೨೧೬ ವರ್ಷಗಳಿಗೊಮ್ಮೆ ಬರುವ ‘ಗ್ರಹಣ’ವು ಸಂಭವಿಸುತ್ತದೆ. ಬೆಹೆಲಿಟ್ ಕಣ್ತೆರೆದು ಚೀರುತ್ತದೆ. ‘ದೇವಹಸ್ತ’ವೆನಿಸಿಕೊಂಡ ನಾಲ್ವರು ಅತಿಮಾನುಷರು ಕಾಣಿಸಿಕೊಂಡು, ಗ್ರಿಫಿತನು ತಮ್ಮಲ್ಲಿ ಐದನೆಯವನಾಗತಕ್ಕವನೆಂದು ಸಾರುತ್ತಾರೆ. ಬೆಲೆಯೇನೆಂದರೆ, ತನ್ನನ್ನು ನಂಬಿ ಬಂದ ಪಡೆಯೆಲ್ಲವನ್ನೂ ಅವನು ಬಲಿಯಾಗಿ ಅರ್ಪಿಸಬೇಕು. ಗ್ರಿಫಿತನು ಅರ್ಪಿಸುತ್ತಾನೆ. ಪಡೆಯವರು ಪಿಶಾಚಗಳಿಗೆ ಆಹಾರವಾಗುತ್ತಾರೆ. ಗಟ್ಸ್ ಎಡಗೈಯನ್ನೂ ಬಲಗಣ್ಣನ್ನೂ ಕಳೆದುಕೊಂಡು, ಕಾಸ್ಕಾ ಮತಿಭ್ರಮೆಗೊಂಡು, ‘ಕಪಾಲಯೋಧ’ನೆಂಬ ರಹಸ್ಯಪುರುಷನ ಸಹಾಯದಿಂದ ಹೇಗೋ ಬದುಕಿ ಉಳಿಯುತ್ತಾರೆ. ಅಲ್ಲಿಂದ ಮುಂದಿನದು ಗಟ್ಸನ ಸೇಡಿನ ಮತ್ತು ಅಲೆದಾಟದ ಕಥೆ.

೩

ಈ ಕಥೆಯಲ್ಲಿ ದೇವಹಸ್ತರು ದೈವವನ್ನು ಸೂಚಿಸುವುದಕ್ಕೆ ಬಳಸುವ ಪದವು ‘ಇಂಗಾರಿತ್ಸು’. ‘ಇಂಗಾ’ ಎಂಬುದು ಚೀನೀ ಲಿಪಿಯ ಎರಡು ಅಕ್ಷರಗಳಿಂದಾದ ಬೌದ್ಧಪರಿಭಾಷೆ. ಮೊದಲನೆಯ ಅಕ್ಷರಕ್ಕೆ ಹೇತುವೆಂದೂ ಎರಡನೆಯದಕ್ಕೆ ಫಲವೆಂದೂ ಅರ್ಥ. ನಮ್ಮ ದೇಶದಿಂದ ಚೀನಾ ದೇಶದ ಮೂಲಕ ಹೋದ ಭಾವನೆಯೇ ಅದು. ‘ರಿತ್ಸು’ ಎಂದರೆ ನಿಯಮ. ಆದುದರಿಂದ ಇಲ್ಲಿ ಹೇಳಲ್ಪಡುವ ದೈವವು ಗ್ರೀಕರ ವಿಧಿದೇವತೆಗಳಂತೆ ಕಾರಣ ಹೇಳದೆ ನೂಲನ್ನು ಕತ್ತರಿಸುವ ಶಕ್ತಿಯಲ್ಲ. ಒಂದರಿಂದ ಒಂದು ಹುಟ್ಟಿಬರುವ ಹೇತುಫಲಗಳ ಸರಪಳಿ.

ಈ ಭೇದವು ಮುಖ್ಯವಾದುದು. ಹೇತುಫಲಗಳ ಸರಪಳಿಯಲ್ಲಿ ಮನುಷ್ಯನ ಇಚ್ಛೆಗೂ ಸ್ಥಾನವಿದೆ. ಅದೂ ಒಂದು ಕೊಂಡಿ. ಗಟ್ಸ್ ಪಡೆಯನ್ನು ಬಿಟ್ಟು ಹೊರಟುದನ್ನೇ ನೋಡಬಹುದು. ಅವನ ಜೀವನದಲ್ಲಿ ಅದುವರೆಗೆ ನಡೆದುದರಲ್ಲಿ ಅವನ ಇಚ್ಛೆಗೆ ಎಲ್ಲಿಯೂ ಎಡೆಯಿರಲಿಲ್ಲ. ಹುಟ್ಟು, ಸಾಕುತಂದೆಯ ದ್ವೇಷ, ಪಡೆಯಲ್ಲಿನ ಸೇವೆ ಎಲ್ಲವೂ ಮೇಲೆ ಬಿದ್ದುವು. ಯೋಚಿಸಿ, ತಾನಾಗಿಯೇ ಆರಿಸಿಕೊಂಡು, ಪ್ರೀತಿಪಾತ್ರರು ತಡೆದರೂ ಕೇಳದೆ ಅವನು ಮಾಡಿದ ಮೊದಲನೆಯ ದೊಡ್ಡ ಕೆಲಸವೆಂದರೆ ಈ ನಿರ್ಗಮನ. ಇದಕ್ಕಿಂತ ಶುದ್ಧವಾದ ಪುರುಷಕಾರವು ಕಥೆಯ ಪೂರ್ವಾರ್ಧದಲ್ಲಿ ಮತ್ತೊಂದಿಲ್ಲ. ಆದರೆ ಗ್ರಿಫಿತನ ಪತನಕ್ಕೂ, ಸೆರೆಗೂ, ಕಡೆಗೆ ಗ್ರಹಣಕ್ಕೂ ಹೇತುವಾದುದು ಇದೇ. ಗ್ರಿಫಿತನು ಆ ಮಾತನ್ನು ಆಡದಿದ್ದರೆ ಗಟ್ಸ್ ಹೊರಡುತ್ತಿರಲಿಲ್ಲ. ಗಟ್ಸ್ ಹೊರಡದಿದ್ದರೆ ಗ್ರಿಫಿತನು ಆ ರಾತ್ರಿ ಅಂತಃಪುರಕ್ಕೆ ಹೋಗುತ್ತಿರಲಿಲ್ಲ. ಪ್ರತಿಯೊಂದು ಕೊಂಡಿಯೂ ಮನುಷ್ಯಸ್ವಭಾವದಿಂದಲೇ ವಿವರಿಸಬಹುದಾದುದು. ಪಿಶಾಚಗಳ ಕೈವಾಡವು ಇಲ್ಲಿ ಬೇಕಾಗುವುದೇ ಇಲ್ಲ.

ದೈವವನ್ನು ಖಡ್ಗದಿಂದ ಕತ್ತರಿಸಹೋದವನ ಪಾಡೂ ಇದೇ. ಕಪಾಲಯೋಧನು ದೇವಹಸ್ತರಿಗೆ ಬಹುಕಾಲದ ಶತ್ರು. ಕುಷಾನ ಸಾಮ್ರಾಟನಾದ ಗನಿಷ್ಕನೊಡನೆ (ನಮ್ಮ ಚರಿತ್ರೆಯ ಕನಿಷ್ಕನನ್ನು ನೆನಪಿಗೆ ತರುವ ಹೆಸರಿದು) ಗ್ರಿಫಿತನು ಹೋರಾಡುವ ಸಮಯದಲ್ಲಿ, ಅವನನ್ನು ಕೊಲ್ಲಲೆಂದು ಕಪಾಲಯೋಧನು ಆಕಾಶವನ್ನೇ ಸೀಳಬಲ್ಲ ಖಡ್ಗದಿಂದ ಹೊಡೆಯುತ್ತಾನೆ. ಗ್ರಿಫಿತನು ಆ ಪೆಟ್ಟನ್ನು ಗನಿಷ್ಕನ ಕಡೆಗೆ ತಿರುಗಿಸುತ್ತಾನೆ. ಅದರಿಂದಲೇ ಲೋಕಲೋಕಗಳ ನಡುವಣ ಗೋಡೆಯೊಡೆದು ಅವನ ಹೊಸ ರಾಜ್ಯಕ್ಕೆ ತಳಹದಿಯಾಗುತ್ತದೆ. ವಿರೋಧಿಯ ಸ್ವತಂತ್ರವಾದ ಪೆಟ್ಟು ಕೂಡ ದೈವಕ್ಕೆ ಉಪಕರಣವಾಯಿತು.

ಹೀಗಿರಲು, ಗಟ್ಸನ ಪಾಲಿಗೆ ಸ್ವಾತಂತ್ರ್ಯವನ್ನೂ ಗ್ರಿಫಿತನ ಪಾಲಿಗೆ ದೈವವನ್ನೂ ಹಂಚುವುದು ಹೇಗೆ? ಯಾರು ಹೆಚ್ಚು ಬಲದಿಂದ ಹೊಡೆದರೆಂಬುದರಿಂದ ಪುರುಷಕಾರವನ್ನು ಅಳೆಯುವುದಾದರೆ ಈ ಕೃತಿಯಲ್ಲಿ ಪುರುಷಕಾರವೇ ಇಲ್ಲವೆನ್ನಬೇಕಾಗುತ್ತದೆ. ಅದನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

೪

ಹುಡುಕತಕ್ಕ ಸ್ಥಳವು ಬಲಿಯ ವಿಧಿ. ಅದರ ನಿಯಮಗಳನ್ನು ಗ್ರಂಥಕರ್ತರು ಗ್ರಹಣದ ಪ್ರಕರಣಕ್ಕೆ ಬಹಳ ಹಿಂದೆಯೇ, ಎರಡನೆಯ ಮತ್ತು ಮೂರನೆಯ ಸಂಪುಟಗಳಲ್ಲಿಯೇ, ಕೌಂಟ್ ಪದವಿಯ ಒಬ್ಬ ಸಾಮಂತನ ಕಥೆಯಲ್ಲಿ ಹೇಳಿಟ್ಟಿದ್ದಾರೆ. ಬೆಹೆಲಿಟ್ಟಿನ ಒಡೆಯನು ಹತಾಶೆಯ ತುದಿಗೆ ಬಂದಾಗ ದೇವಹಸ್ತರು ಪ್ರತ್ಯಕ್ಷರಾಗುತ್ತಾರೆ. ಅವನು ತನಗೆ ಅತ್ಯಂತ ಪ್ರಿಯರಾದವರನ್ನು ಬಲಿಕೊಟ್ಟರೆ ಮನುಷ್ಯತ್ವವನ್ನು ಕಳಚಿಕೊಂಡು ಪಿಶಾಚಶಕ್ತಿಯನ್ನು ಪಡೆಯುತ್ತಾನೆ. ಶತ್ರುವನ್ನು ಬಲಿಕೊಡುವುದು ಸಲ್ಲದು. ತನ್ನ ಆತ್ಮದ ಭಾಗವೆನ್ನುವಷ್ಟು ಹತ್ತಿರದವರೇ ಆಗಬೇಕು. ಕೊಡುವವನು ತಾನಾಗಿಯೇ ಕೊಡಬೇಕು.

ಈ ಸಾಮಂತನು ಹಿಂದೆ ತನ್ನ ಹೆಂಡತಿಯನ್ನು ಬಲಿಕೊಟ್ಟು ಪಿಶಾಚನಾಗಿದ್ದವನು. ಗಟ್ಸನಿಂದ ಪೆಟ್ಟುತಿಂದು ಸಾಯುವ ಸ್ಥಿತಿಯಲ್ಲಿ ಅವನು ಮತ್ತೆ ದೇವಹಸ್ತರ ಮುಂದೆ ಬಿದ್ದಿರುತ್ತಾನೆ. ಬದುಕಬೇಕಾದರೆ ಮಗಳಾದ ಥೆರೇಸಿಯಾಳನ್ನು ಕೊಡಬೇಕೆಂದು ಅವರು ತಿಳಿಸುತ್ತಾರೆ. ಕೊಡದಿದ್ದರೆ ನರಕದ ಸುಳಿಯು ಕಾದಿದೆ. ಅವನು ಕೊಂದವರ ಪ್ರೇತಗಳು ಕೈಚಾಚಿ ಕರೆಯುತ್ತಿವೆ. ಭಯದಿಂದ ನಡುಗುವ ಆ ಕ್ರೂರಿಯ ಬಾಯಿಂದ ಆ ಒಂದು ಮಾತು ಹೊರಡುವುದಿಲ್ಲ. ಅವನು ನರಕಕ್ಕೆ ಬೀಳುತ್ತಾನೆ; ಮಗಳು ಉಳಿಯುತ್ತಾಳೆ.

ಈ ಪ್ರಸಂಗವನ್ನು ಹಲವರು ಕಥೆಯ ಪ್ರಾರಂಭದ ಒಂದು ಸಾಹಸವೆಂದಷ್ಟೆ ಓದಿ ಮುಂದೆ ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕೃತಿಯ ನೀತಿಗೆ ಇದೇ ಒರೆಗಲ್ಲು. ದೈವವು ತತ್ತಿಯನ್ನು ಕಳುಹಿಸಿತು, ಗಟ್ಸನನ್ನು ಕಳುಹಿಸಿತು, ಹತಾಶೆಯನ್ನು ಒದಗಿಸಿತು. ಮಗಳನ್ನೂ ಆ ಸ್ಥಳಕ್ಕೆ ತಂದು ನಿಲ್ಲಿಸಿತು. ಎಲ್ಲವೂ ಸಿದ್ಧವಾದ ಮೇಲೆ ಅದು ಅವನ ಬಾಯಿಯನ್ನು ನೋಡುತ್ತ ಕಾಯಬೇಕಾಯಿತು. ಬಲಾತ್ಕಾರದಿಂದ ಸಮ್ಮತಿಯನ್ನು ಪಡೆಯುವ ಶಕ್ತಿಯು ದೇವಹಸ್ತರಿಗೂ ಇಲ್ಲ. ಒಳ್ಳೆಯವನೊಬ್ಬನಿಂದ ಈ ನಿರಾಕರಣೆಯನ್ನು ಮಾಡಿಸಿದ್ದರೆ ನಮಗೆ ಅಷ್ಟು ನಂಬಿಕೆಯುಂಟಾಗುತ್ತಿರಲಿಲ್ಲ. ಪ್ರಜೆಗಳನ್ನು ಹಿಂಸಿಸಿದ, ಹೆಂಡತಿಯನ್ನೇ ಕೊಟ್ಟ ಪಾಪಿಗೂ ಬೇಡವೆನ್ನುವುದು ಸಾಧ್ಯವಾಯಿತೆಂದು ತೋರಿಸಿರುವುದರಿಂದಲೇ, ಅದು ಮನುಷ್ಯನೆನಿಸಿಕೊಂಡ ಯಾರಿಗೂ ಅಸಾಧ್ಯವಲ್ಲವೆಂದು ಸಿದ್ಧವಾಗುತ್ತದೆ.

ಇದನ್ನು ನೆನಪಿನಲ್ಲಿಟ್ಟುಕೊಂಡು ಗ್ರಿಫಿತನ ಗ್ರಹಣವನ್ನು ನೋಡಬೇಕು. ದೇವಹಸ್ತರಲ್ಲಿ ಉಬಿಕ್ ಎಂಬವನು ಅವನ ಬಾಲ್ಯವನ್ನು ಅವನೆದುರಿಗೆ ಹಿಡಿಯುತ್ತಾನೆ. ಓಣಿಯಿಂದ ಕಾಣುವ ಕೋಟೆಯನ್ನು ಹುಡುಗನೊಬ್ಬನು ಹಂಬಲಿಸಿ ಓಡುತ್ತಾನೆ. ಕಾಲಡಿಯ ದಾರಿಯು ಅವನಿಗಾಗಿ ಸತ್ತವರ ಹೆಣಗಳಿಂದಾದುದು. ಇಷ್ಟು ಹೆಣಗಳ ಮೇಲೆ ನಡೆದುಬಂದವನು ಈಗ ನಿಂತರೆ ಅವರೆಲ್ಲರ ಸಾವೂ ವ್ಯರ್ಥವಾಗುವುದೆಂಬುದು ಸೂಚನೆ. ಇದು ವಾದವೇ ಹೊರತು ಬಲಾತ್ಕಾರವಲ್ಲ. ಅಷ್ಟರಲ್ಲಿ ಗಟ್ಸ್ ಅವನನ್ನು ಬಿಡಿಸಲೆಂದು ಮೇಲಕ್ಕೆ ಹತ್ತಿ ಬರುತ್ತಿರುತ್ತಾನೆ. ಅವನನ್ನು ಕಂಡ ಗ್ರಿಫಿತನಿಗೆ, ಸಾವಿರಾರು ಜನರ ನಡುವೆ ತನ್ನ ಕನಸನ್ನು ಮರೆಯಿಸಿದವನು ಇವನೊಬ್ಬನೇ ಎಂಬ ಅರಿವು ಹೊಳೆಯುತ್ತದೆ. ಆ ಅರಿವಿನ ಮರುಕ್ಷಣದಲ್ಲಿಯೇ ಅವನು ಅರ್ಪಿಸುತ್ತಾನೆ. ತಾನು ಕೊಡುವುದು ಏನೆಂಬುದು ಅವನಿಗೆ ಅದಕ್ಕಿಂತ ಸ್ಪಷ್ಟವಾಗಿ ಎಂದೂ ತಿಳಿದಿರಲಿಲ್ಲ. ಅಜ್ಞಾನದಿಂದ ಮಾಡಿದನೆಂಬ ಸಮಾಧಾನಕ್ಕೂ ಗ್ರಂಥಕರ್ತರು ಎಡೆಗೊಟ್ಟಿಲ್ಲ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಗ್ರಿಫಿತನ ಸಮ್ಮತಿಯು ಜಪಾನೀ ಮೂಲದಲ್ಲಿ, ಅರ್ಪಣೆಯನ್ನು ಹೇಳುವ ಒಂದೇ ಕ್ರಿಯಾಪದವಾಗಿದೆ. ಕರ್ತೃಪದವಿಲ್ಲ, ಆ ಭಾಷೆಯ ಕ್ರಿಯಾಪದಕ್ಕೆ ಪುರುಷವನ್ನು ತಿಳಿಸುವ ಪ್ರತ್ಯಯವೂ ಇಲ್ಲ. ಯಾರು ಅರ್ಪಿಸುವರೆಂಬುದನ್ನು ಆ ಪದವು ಹೇಳದೆ ಬಿಡುತ್ತದೆ. ಗ್ರಿಫಿತನೋ, ಅವನ ಮೂಲಕ ದೈವವೋ? ಸಂದಿಗ್ಧತೆಯು ಮೂಲದಲ್ಲಿ ಉಳಿದುಕೊಳ್ಳಬಲ್ಲುದು. ಕನ್ನಡದಲ್ಲಿ ಅದು ಸಾಧ್ಯವಿಲ್ಲ. ನಮ್ಮ ಕ್ರಿಯಾಪದದ ಕೊನೆಯಲ್ಲಿ ಕರ್ತೃವು ಕುಳಿತಿರುತ್ತಾನೆ. ‘ಅರ್ಪಿಸುತ್ತೇನೆ’ ಎಂದೊಡನೆಯೆ ‘ನಾನು’ ಎಂಬುದು ಬಂದೇಬಿಡುತ್ತದೆ. ಹೀಗೆ ಕನ್ನಡದ ಅನುವಾದಕನು ಈ ಲೇಖನದ ಪ್ರಶ್ನೆಗೆ ಉತ್ತರ ಹೇಳದೆ ಒಂದು ಪದವನ್ನೂ ಬರೆಯಲಾರನು.

ಉತ್ತರವು ಯಾವುದಾಗಬೇಕೆಂಬುದಕ್ಕೆ ನಮ್ಮ ವ್ಯಾಕರಣಶಾಸ್ತ್ರವೇ ದಾರಿ ತೋರಿಸುತ್ತದೆ. ಪಾಣಿನಿಯು ಸ್ವತಂತ್ರನಾದವನನ್ನು ಕರ್ತೃವೆಂದು ಹೇಳಿ, ಆ ಕರ್ತೃವನ್ನು ಪ್ರೇರಿಸುವವನಿಗೆ ಕರ್ತೃವೆಂಬ ಸಂಜ್ಞೆಯೊಡನೆ ಹೇತುವೆಂಬ ಸಂಜ್ಞೆಯನ್ನೂ ಕೊಟ್ಟಿದ್ದಾನೆ. ಒಬ್ಬನು ಮತ್ತೊಬ್ಬನಿಂದ ಅಡಿಗೆ ಮಾಡಿಸಿದರೆ, ಮಾಡಿಸಿದವನು ಹೇತು. ಆದರೂ ಬೇಯಿಸಿದವನು ಬೇಯಿಸುವ ಕೆಲಸಕ್ಕೆ ಕರ್ತೃವಾಗಿಯೇ ಉಳಿಯುತ್ತಾನೆ. ಪ್ರೇರಣೆಯಿಂದ ಕರ್ತೃತ್ವವು ಅಳಿಯುವುದಿಲ್ಲ. ‘ಇಂಗಾ’ ಎಂಬ ಪದದ ಮೊದಲನೆಯ ಭಾಗವಾದ ಹೇತುವಿಗೂ ಗ್ರಿಫಿತನಿಗೂ ಇರುವ ಸಂಬಂಧವು ಇದೇ. ದೇವಹಸ್ತರು ಮಾಡಿಸಿದವರು, ಅವನು ಮಾಡಿದವನು.

೫

ಇದಕ್ಕೆ ಬಲವಾದ ಪೂರ್ವಪಕ್ಷವೊಂದುಂಟು. ಒಂದು ವರ್ಷ ಚಿತ್ರಹಿಂಸೆಯನ್ನು ಅನುಭವಿಸಿ, ನಾಲಗೆಯನ್ನೂ ಕೈಕಾಲುಗಳ ಶಕ್ತಿಯನ್ನೂ ಕಳೆದುಕೊಂಡು, ನೀರಿನಲ್ಲಿ ಬಿದ್ದಾಗ ಆತ್ಮಹತ್ಯೆಗೂ ಪ್ರಯತ್ನಿಸಿ ವಿಫಲನಾದವನಿಂದ ಪಡೆದ ಸಮ್ಮತಿಯನ್ನು ಸಮ್ಮತಿಯೆನ್ನಬಹುದೆ? ನ್ಯಾಯಾಸ್ಥಾನದಲ್ಲಿ ಅಂತಹ ಒಪ್ಪಿಗೆಯು ನಿಲ್ಲಲಾರದು. ಸಾಮಂತನಿಗೆ ಮಗಳ ಮೇಲೆ ಬಹುಕಾಲದ ಮಮತೆಯಿತ್ತು, ಗ್ರಿಫಿತನಿಗೆ ಕನಸಿನ ಹೊರತು ಏನೂ ಉಳಿದಿರಲಿಲ್ಲ. ಆದುದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂದೂ ಹೇಳಬಹುದು.

ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಹೊಣೆಯು ಎಲ್ಲರಿಗೂ ಸಮವಾಗಿರುವುದಿಲ್ಲ. ನೊಂದವನ ಹೊಣೆಯು ಹಗುರವಾದುದೆಂದು ಒಪ್ಪಬೇಕು. ಆದರೆ ಹಗುರವಾದುದು ಬೇರೆ, ಇಲ್ಲವಾದುದು ಬೇರೆ. ಗ್ರಿಫಿತನಿಗೆ ಕನಸಿನ ಹೊರತು ಏನೂ ಉಳಿದಿರಲಿಲ್ಲವೆಂಬುದನ್ನು ವಿಧಿಯ ನಿಯಮವೇ ಸುಳ್ಳುಮಾಡುತ್ತದೆ. ಅತ್ಯಂತ ಪ್ರಿಯವಾದುದನ್ನೇ ಕೊಡಬೇಕೆಂಬುದು ನಿಯಮ. ಅವನ ಬಲಿಯು ಸ್ವೀಕೃತವಾಯಿತು. ಅಂದಮೇಲೆ ಆ ಕ್ಷಣದಲ್ಲಿಯೂ ಅವನಿಗೆ ಆ ಪಡೆಯವರ ಮೇಲೆ ಪ್ರೀತಿಯುಳಿದಿತ್ತು. ಪ್ರೀತಿಯಿಲ್ಲದವನಿಂದ ಬಲಿಯಾಗದು, ಪ್ರೀತಿಯುಳ್ಳವನಿಗೆ ಬೇಡವೆನ್ನಲು ಕಾರಣವಿದ್ದೇ ಇತ್ತು. ಮಿಯುರಾ ಅವರು ಕಟ್ಟಿರುವ ನಿಯಮದ ಭೀಕರವಾದ ಜಾಣತನವು ಇದು: ಬಲಿಯನ್ನು ಸಾಧ್ಯಮಾಡುವ ಗುಣವೇ ಅದನ್ನು ಕ್ಷಮೆಗೆ ದೂರಮಾಡುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ದೈವವೇ ಮಾಡಿಸಿತೆಂದು ಗ್ರಿಫಿತನನ್ನು ಬಿಡಿಸುವುದು ಸುಲಭ. ಆದರೆ ಬಲಿಯಾದವರ ಕಡೆಯಿಂದ ನೋಡಿದರೆ, ತಮ್ಮನ್ನು ಕೊಟ್ಟವರು ಯಾರೂ ಇಲ್ಲವೆಂದು ಅವರಿಗೆ ಹೇಳಿದಂತಾಗುತ್ತದೆ. ಗ್ರಹಣದ ವೇಳೆಯಲ್ಲಿ ಅಲ್ಲಿರದೆ ಉಳಿದುಕೊಂಡ ರಿಕರ್ಟ್ ಎಂಬ ಹುಡುಗನು, ಬಹಳ ಕಾಲದ ಮೇಲೆ, ಲೋಕವೆಲ್ಲ ರಕ್ಷಕನೆಂದು ಪೂಜಿಸುವ ಗ್ರಿಫಿತನ ಎದುರಿಗೆ ನಿಲ್ಲುತ್ತಾನೆ. ಅವನಲ್ಲಿ ಶಕ್ತಿಯಿಲ್ಲ, ಮಂತ್ರವಿಲ್ಲ. ಅವನು ಗ್ರಿಫಿತನ ಕೆನ್ನೆಗೆ ಹೊಡೆದು ಹೊರಟುಹೋಗುತ್ತಾನೆ. ಆ ಪೆಟ್ಟಿನಿಂದ ದೈವದ ಗತಿಯಲ್ಲಿ ಏನೂ ಬದಲಾಗುವುದಿಲ್ಲ. ಆದರೂ ಮಾಡಿದವನು ನೀನು ಎಂದು ಸತ್ತವರ ಪರವಾಗಿ ಒಬ್ಬನು ಹೇಳಿದಂತಾಯಿತು. ಅಷ್ಟು ದೊಡ್ಡ ಸೈನ್ಯಗಳ ಕಾಳಗಗಳ ನಡುವೆ ಈ ಒಂದು ಏಟು ಓದುಗರ ಮನಸ್ಸಿನಲ್ಲಿ ನಿಲ್ಲುವುದು ಅದಕ್ಕಾಗಿಯೇ.

೬

ಇನ್ನು ಗಟ್ಸನ ವಿಷಯ. ಅವನ ಕತ್ತಿನ ಮೇಲೆ ಬಲಿಯ ಮುದ್ರೆಯಿದೆ. ಅದು ಮತ್ತೊಬ್ಬನ ಸಮ್ಮತಿಯ ಗುರುತು, ಅವನದಲ್ಲ. ರಾತ್ರಿಯಾದರೆ ಆ ಮುದ್ರೆಯಿಂದ ರಕ್ತವೊಸರಿ ಪ್ರೇತಗಳು ಮುತ್ತುತ್ತವೆ. ಗ್ರಹಣದಿಂದ ಅವನು ಪಾರಾದುದೂ ಅವನ ಬಲದಿಂದಲ್ಲ, ಕಪಾಲಯೋಧನ ಸಹಾಯದಿಂದ. ಝೋಡ್ ಎಂಬ ರಾಕ್ಷಸನು ಬಹಳ ಹಿಂದೆಯೇ, ಗ್ರಿಫಿತನ ಕನಸು ಕುಸಿದ ದಿನ ತಪ್ಪಿಸಿಕೊಳ್ಳಲಾಗದ ಸಾವು ಗಟ್ಸನಿಗೆ ಬರುವುದೆಂದು ಭವಿಷ್ಯ ನುಡಿದಿದ್ದನು. ಕನಸು ಕುಸಿಯಿತು, ಸಾವೂ ಬಂದಿತು, ಆದರೆ ಅವನು ಸಾಯಲಿಲ್ಲ. ಮ್ಯಾಕ್‌ಬೆತ್ ನಾಟಕದಲ್ಲಿ ಭವಿಷ್ಯವು ಅಕ್ಷರಶಃ ನಡೆದು ಕೇಳಿದವನನ್ನು ಮೋಸಗೊಳಿಸಿದರೆ, ಇಲ್ಲಿ ಅದು ಅಪೂರ್ಣವಾಗಿ ನಡೆದು ಕೇಳಿದವನನ್ನು ಅತಂತ್ರನನ್ನಾಗಿ ಮಾಡುತ್ತದೆ.

ಆಮೇಲಿನ ಎರಡು ವರ್ಷ ಗಟ್ಸ್ ‘ಕರಿಯ ಖಡ್ಗಧಾರಿ’ಯಾಗಿ ಪಿಶಾಚಗಳನ್ನು ಬೇಟೆಯಾಡುತ್ತಾನೆ. ಓದುಗರು ಅವನ ಸ್ವಾತಂತ್ರ್ಯವನ್ನು ಕಾಣುವುದು ಹೆಚ್ಚಾಗಿ ಇಲ್ಲಿಯೇ. ಗ್ರಂಥಕರ್ತರ ತೀರ್ಪು ಹಾಗಿಲ್ಲ. ಗಟ್ಸನ ಖಡ್ಗವನ್ನು ಮಾಡಿದ ಮುದಿ ಕಮ್ಮಾರ ಗೋಡೋ ಅವನನ್ನು ಕಟುವಾಗಿ ಬಯ್ಯುತ್ತಾನೆ. ದುಃಖವನ್ನು ಎದುರಿಸಲಾರದವನು ದ್ವೇಷದ ಮರೆಹೊಕ್ಕನೆಂದೂ, ಮತಿಗೆಟ್ಟ ಕಾಸ್ಕಾಳನ್ನು ಬಿಟ್ಟು ತನ್ನ ಯುದ್ಧಕ್ಕೆ ಓಡಿಹೋದನೆಂದೂ ಆ ಬೈಗುಳದ ತಾತ್ಪರ್ಯ. ಪಿಶಾಚಗಳ ನಡುವೆ ಎದೆಗೆಡದವನು ಈ ಮಾತಿನ ಮುಂದೆ ನಿರುತ್ತರನಾಗುತ್ತಾನೆ. ಸೇಡೂ ಹೇತುಫಲಗಳ ಸರಪಳಿಯ ಒಂದು ಕೊಂಡಿ. ಪೆಟ್ಟಿಗೆ ಪೆಟ್ಟು ಹುಟ್ಟುವುದರಲ್ಲಿ ಸ್ವಾತಂತ್ರ್ಯವೇನಿದೆ? ಸೇಡನ್ನು ಬದಿಗಿಟ್ಟು ಕಾಸ್ಕಾಳನ್ನು ಕಾಪಾಡುವೆನೆಂದು ನಿಶ್ಚಯಿಸಿದಾಗ ಅವನ ಪುರುಷಕಾರವು ಎರಡನೆಯ ಸಲ ತಲೆಯೆತ್ತುತ್ತದೆ. ಗ್ರಿಫಿತನು ತನ್ನವರನ್ನು ಕನಸಿಗಾಗಿ ಕೊಟ್ಟನು. ಗಟ್ಸನೂ ಎರಡು ವರ್ಷ ಅದನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತಿದ್ದು, ಕಡೆಗೆ ಕೊಡಲೊಲ್ಲದೆ ಹಿಂದಿರುಗಿದನು.

ಈ ನಿಶ್ಚಯವು ಒಮ್ಮೆ ಮಾಡಿ ಮುಗಿಸುವಂಥದಲ್ಲ. ಅವನು ತೊಡುವ ಕವಚವು ನೋವನ್ನು ಮರೆಯಿಸಿ ಅಮಾನುಷಬಲವನ್ನು ಕೊಡುತ್ತದೆ. ಆದರೆ ತೊಟ್ಟವನು ಉನ್ಮತ್ತನಾಗಿ ಮಿತ್ರಶತ್ರುಗಳ ಭೇದವನ್ನು ಮರೆಯುತ್ತಾನೆ. ಕೃತಿಯ ಹೆಸರು ಸೂಚಿಸುವ ಉನ್ಮಾದವು ಇದೇ. ಆ ಉನ್ಮಾದದಿಂದ ಅವನನ್ನು ಹಿಂದಕ್ಕೆ ಕರೆಯುವವಳು ಷೀರ್ಕೆ ಎಂಬ ಬಾಲೆ. ಒಬ್ಬನ ಸ್ವಾತಂತ್ರ್ಯಕ್ಕೆ ಮತ್ತೊಬ್ಬರ ಕೂಗು ಆಸರೆಯಾಗಬಹುದೆಂಬ ಈ ಭಾವನೆಯು ಕೃತಿಯ ಉತ್ತರಾರ್ಧದ ಉತ್ತಮಾಂಶ.

ಇಲ್ಲಿಯೇ ಒಂದು ದೊಡ್ಡ ದೋಷವನ್ನೂ ಹೇಳಬೇಕು. ಕಾಸ್ಕಾ ಮೊದಲು ಪಡೆಯನ್ನು ನಡಸಿದ ನಾಯಕಿ, ಸ್ವಂತಬುದ್ಧಿಯುಳ್ಳವಳು. ೧೩ನೆಯ ಸಂಪುಟದಲ್ಲಿ ಅವಳ ಮತಿ ಕೆಟ್ಟಿತು. ಅದು ಮರಳಿ ಬಂದುದು ೨೦೧೮ರಲ್ಲಿ ಪ್ರಕಟವಾದ ೪೦ನೆಯ ಸಂಪುಟದಲ್ಲಿ. ಸಮ್ಮತಿಯನ್ನೇ ನೀತಿಯ ಕೇಂದ್ರವಾಗಿಸಿಕೊಂಡ ಕೃತಿಯು ತನ್ನ ಪ್ರಧಾನಸ್ತ್ರೀಗೆ ಅಷ್ಟು ದೀರ್ಘಕಾಲ ಒಪ್ಪುವ ಅಥವಾ ಒಲ್ಲೆನೆನ್ನುವ ಶಕ್ತಿಯನ್ನೇ ಕೊಡಲಿಲ್ಲ. ಅವಳು ಬೇರೆಯವರ ನಿಶ್ಚಯಗಳಿಗೆ ವಿಷಯವಾದಳೇ ಹೊರತು ತಾನು ನಿಶ್ಚಯಿಸುವವಳಾಗಲಿಲ್ಲ. ಇದು ಕಥೆಯ ಬೆಳವಣಿಗೆಗಲ್ಲದೆ ಅದರ ಮೂಲತತ್ತ್ವಕ್ಕೂ ಬಂದ ಕೊರತೆ.

೭

ಗ್ರಂಥಸಂಪಾದನೆಯ ಅಭ್ಯಾಸವುಳ್ಳವರಿಗೆ ರುಚಿಸುವ ಒಂದು ಸಮಸ್ಯೆಯನ್ನು ಕೊನೆಗೆ ಎತ್ತಿಕೊಳ್ಳುವೆವು. ಗ್ರಹಣದ ಭಾಗದಲ್ಲಿ ೮೩ನೆಯದಾಗಿ ೧೯೯೬ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಒಂದು ಪ್ರಕರಣವನ್ನು ಮಿಯುರಾ ಅವರು ಸಂಪುಟದಲ್ಲಿ ಸೇರಿಸಲಿಲ್ಲ. ಅದರಲ್ಲಿ ಗ್ರಿಫಿತನ ಚೈತನ್ಯವು ಅಗಾಧದೊಳಕ್ಕಿಳಿದು, ಬೃಹತ್ತಾದ ಹೃದಯದಂತಿರುವ ಒಂದು ದೇವತೆಯನ್ನು ಕಾಣುತ್ತದೆ. ತಮ್ಮ ನೋವಿಗೂ ಸಾವಿಗೂ ಏನಾದರೊಂದು ಕಾರಣವಿರಬೇಕೆಂದು ಮನುಷ್ಯರು ಹಂಬಲಿಸಿದರೆಂದೂ, ಆ ಹಂಬಲದಿಂದಲೇ ತಾನು ಹುಟ್ಟಿ ಅವರ ವಿಧಿಯನ್ನು ನಡಸುತ್ತಿರುವೆನೆಂದೂ ಅದು ತಿಳಿಸುತ್ತದೆ.

ಈ ಪ್ರಕರಣವನ್ನು ಪ್ರಮಾಣವಾಗಿ ತೆಗೆದುಕೊಳ್ಳಬಹುದೆ? ಅನೇಕ ಓದುಗರು ಇದನ್ನೇ ಕೃತಿಯ ಬೀಗದಕೈಯೆಂದು ಭಾವಿಸುತ್ತಾರೆ. ಆದರೆ ಕವಿಯು ತಾನಾಗಿ ಹೊಡೆದುಹಾಕಿದ ಪಾಠವನ್ನು ಮೂಲದೊಳಕ್ಕೆ ಸೇರಿಸುವ ಅಧಿಕಾರವು ಸಂಪಾದಕನಿಗೆ ಇಲ್ಲ. ಅದನ್ನು ಅಡಿಟಿಪ್ಪಣಿಯಲ್ಲಿ ತೋರಿಸಬಹುದು, ಅಷ್ಟೆ. ಆ ಪ್ರಕರಣವಿದ್ದರೆ ದೈವಕ್ಕೆ ಒಂದು ಮುಖವೂ ಒಂದು ಉದ್ದೇಶವೂ ಉಂಟಾಗುತ್ತವೆ. ಎಲ್ಲ ದುಃಖಕ್ಕೂ ಕಾರಣವು ದೊರೆತುಬಿಡುತ್ತದೆ. ಅಂದರೆ, ಕಾರಣವನ್ನು ಹಂಬಲಿಸಿದ್ದೇ ಕೇಡಿಗೆ ಮೂಲವಾಯಿತೆಂದು ಹೇಳುವ ಪ್ರಕರಣವು ಓದುಗನ ಅದೇ ಹಂಬಲವನ್ನು ತಣಿಸುತ್ತದೆ. ಅದಿಲ್ಲದ ಗ್ರಂಥದಲ್ಲಿ ಹೇತುಫಲಗಳ ಹಿಂದೆ ಯಾರಿರುವರೆಂಬುದು ತಿಳಿಯುವುದಿಲ್ಲ. ತಿಳಿಯುವುದು ಮುಂದೆ ಯಾರಿರುವರೆಂಬುದು. ಮುಂದಿರುವವನು ಸಮ್ಮತಿಸಿದ ಮನುಷ್ಯ. ಗ್ರಂಥಕರ್ತರು ಆ ಪ್ರಕರಣವನ್ನು ಬಿಟ್ಟುದರಿಂದ ಕೃತಿಯ ನೀತಿಗೆ ಬಲವೇ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಮಿಯುರಾ ಅವರ ಮರಣದಿಂದ ಕಥೆಯ ಅಂತ್ಯವು ಅವರ ಕೈಯಿಂದ ಬರುವ ಅವಕಾಶವು ತಪ್ಪಿತು. ಮಿತ್ರರ ನೆನಪಿನಿಂದ ಬರುವ ಅಂತ್ಯವು ಎಷ್ಟು ನಿಷ್ಠೆಯಿಂದ ಬಂದರೂ, ಅದರ ಪ್ರಾಮಾಣ್ಯವು ಬೇರೆ ತೂಕದ್ದು; ಗಟ್ಸ್ ಗೆದ್ದನೆ, ಸೋತನೆ ಎಂಬುದರ ಮೇಲೆ ಕೃತಿಯ ತತ್ತ್ವವನ್ನು ನಿಲ್ಲಿಸುವವರು ಆ ಅಂತ್ಯಕ್ಕಾಗಿ ಕಾಯಬೇಕಾಗುತ್ತದೆ. ಪುರುಷಕಾರವನ್ನು ಫಲದಿಂದ ಅಳೆಯದೆ ಸಮ್ಮತಿಯಿಂದ ಅಳೆಯುವವರು ಕಾಯಬೇಕಾದುದಿಲ್ಲ. ಅವರಿಗೆ ಬೇಕಾದ ಪ್ರಮಾಣವು ಮೂರನೆಯ ಸಂಪುಟದಲ್ಲಿಯೇ ಇದೆ. ಅಲ್ಲಿ ಒಬ್ಬ ಪಾಪಿಯು ನರಕದ ಬಾಯಿಯಲ್ಲಿ ಬಿದ್ದು, ಮಗಳ ಮುಖವನ್ನು ನೋಡಿ, ಆಡಬೇಕಾಗಿದ್ದ ಮಾತನ್ನು ಆಡದೆ ಹೋದನು.